ಎರಡು ಪಾಳಿಯ ಕೈಗುಣ

ಈ ರೊಟ್ಟಿಯೂ ಅಂಚಿನಲ್ಲಿ ಬಿರಿಯಿತು. ದ್ರಾಕ್ಷಾಯಣಿ ಅದನ್ನು ಮುದ್ದೆ ಮಾಡಿ ಮತ್ತೆ ನಾದಿದಳು, ಹಲಗೆಯ ಮೇಲೆ ಹಿಟ್ಟು ಉದುರಿಸಿ ಮತ್ತೆ ಬಡಿಯತೊಡಗಿದಳು. ಬಡಿತದ ಸಪ್ಪಳಕ್ಕೆ ಗೂಡಿನಲ್ಲಿದ್ದ ಲೋಟಗಳು ಅಲುಗುತ್ತಿದ್ದವು.

"ಆ ರೊಟ್ಟಿ ಏನ ತಪ್ಪ ಮಾಡೈತಿ? ಪೊಲೀಸರ ಹಂಗ ಬಡ್ಯಾಕತ್ತೀಯಲ್ಲ," ಎಂದಳು ಅತ್ತೆ ಸಂಗವ್ವ, ಬಾಗಿಲ ಬಳಿ ಕೂತು ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ.

"ಹಿಟ್ಟು ಹಳೇದೈತ್ರಿ."

"ಮೊನ್ನೆ ಬೀಸಿಸಿಕೊಂಡು ಬಂದದ್ದು. ಹಿಟ್ಟು ಹಳೇದಲ್ಲ ಬಿಡು, ಹೊಟ್ಯಾಗಿನ ಕಿಚ್ಚು ಹಳೇದು."

ರೊಟ್ಟಿ ಕೆಲಸದ ಜೊತೆಗಾತಿ ವಿಶಾಲಾಕ್ಷಿಯ ಬುತ್ತಿಗೆ. ಪರಊರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ಈ ಕಡೆಯ ರೂಢಿ. ಹೊರಟವಳು ನಾವು ಹೋಗಬೇಕಾದ ಜಾಗಕ್ಕೇ ಹೊರಟಿದ್ದರೂ ಕಟ್ಟಿಕೊಡಬೇಕು, ಮೇಲೆ ನಗುತ್ತ ಕೊಡಬೇಕು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ವಿಶಾಲಾಕ್ಷಿಗೆ ಖಾರ ಆಗುವುದಿಲ್ಲ. ಅದು ಗೊತ್ತಿದ್ದೂ ದ್ರಾಕ್ಷಾಯಣಿ ಚಟ್ನಿಗೆ ಇನ್ನೊಂದು ಚಮಚ ಖಾರದಪುಡಿ ಹಾಕಿದಳು.

"ಆ ಪತ್ರ ಬರದ್ಯಾ?" ಸಂಗವ್ವ ಕೇಳಿದಳು.

"ಬರೀತೇನಿ."

ದೇವರ ಜಗಲಿಯ ಮೇಲೆ, ವಿಭೂತಿ ಕರಡಿಗೆಯ ಕೆಳಗೆ ಒಂದು ಬಿಳಿ ಹಾಳೆ ಇತ್ತು. ಕಂಪನಿಯವರು ಆ ಪತ್ರ ಕೇಳಿ ತಿಂಗಳ ಮೇಲಾಗಿತ್ತು. ಹಾಳೆ ಬಿಳಿಯಾಗಿಯೇ ಇತ್ತು.

ಯಾವ ಪತ್ರ, ಯಾವ ಕಂಪನಿ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಗದಗಿನ ಹಳೆಯ ಹತ್ತಿ ಗಿರಣಿಯೊಂದರಲ್ಲಿ, ಹಿಂದೆ ಅರಳೆ ಹಾರಾಡುತ್ತಿದ್ದ ದೊಡ್ಡ ಹಜಾರದಲ್ಲಿ ಈಗ ಸಾಲಾಗಿ ಕುರ್ಚಿಗಳಿವೆ. ಪ್ರತಿ ಕುರ್ಚಿಯ ಮುಂದೆ ಸ್ಟೀರಿಂಗ್ ಚಕ್ರ, ಕಾಲಡಿಯಲ್ಲಿ ಪೆಡಲ್‌ಗಳು, ಸುತ್ತ ಬಾಗಿದ ಪರದೆ. ಕುರ್ಚಿಯಲ್ಲಿ ಕೂತ ಹೆಂಗಸರು ಓಡಿಸುವುದು ಎಲ್ಲೋ ದೂರದ ಥಾರ್ ಮರುಭೂಮಿಯಲ್ಲಿರುವ ಕಾರುಗಳನ್ನು. ಪ್ರವಾಸಿಗರನ್ನು ಬೆಳಗಾಗುವ ಮುಂಚೆ ಹತ್ತಿಸಿಕೊಂಡು, ಮರಳು, ಬನ್ನಿ ಮರ, ಒಂಟೆಯ ಹಿಂಡು, ಜನ ಬಿಟ್ಟುಹೋದ ಹಳ್ಳಿ ಎಲ್ಲ ತೋರಿಸಿ, ಸೂರ್ಯ ಮುಳುಗಿದ ಮೇಲೆ ಇಳಿಸುವ ಒಂದು ದಿನದ ಪಯಣ. ಮೊದಲು ಇದಕ್ಕೆ ತಾವೇ ಓಡುವ ಕಾರುಗಳಿದ್ದವು. ಅವಕ್ಕೆ ರಸ್ತೆ ಗೊತ್ತಿತ್ತು, ಮರಳು ಗೊತ್ತಾಗಲಿಲ್ಲ. ನಿನ್ನೆಯ ದಿಬ್ಬ ಇವತ್ತು ಅಲ್ಲಿರುವುದಿಲ್ಲ. ಕೆಲವು ಕಾರುಗಳು ಮೂಗು ಮುಂದಾಗಿ ಹೂತವು, ಒಂದೆರಡು ಉರುಳಿದವು. ಮರಳಿನ ಮೇಲೆ ಮನುಷ್ಯರ ಕೈಯೇ ಬೇಕೆಂದು ಸರ್ಕಾರ ಕಾನೂನು ಮಾಡಿತು. ಆದರೆ ಆ ಬಿಸಿಲಿನಲ್ಲಿ, ಆ ಕುಲುಕಾಟದಲ್ಲಿ ದಿನವೂ ಬೇಯಲು ಚಾಲಕರು ಸಿಗಲಿಲ್ಲ. ಹಾಗಾಗಿ ಕಾರು ಅಲ್ಲಿ, ಕೈ ಇಲ್ಲಿ.

ಕುರ್ಚಿಗೆ ಮರಳಿನ ಮೆದು, ಬಿರುಸು ಎರಡೂ ತಿಳಿಯುತ್ತದೆ. ಗಾಲಿ ಹೂತರೆ ಗದಗಿನಲ್ಲಿ ಕೂತವಳ ಸೊಂಟಕ್ಕೆ ಗೊತ್ತಾಗುತ್ತದೆ. ತೊಂದರೆ ಒಂದೇ. ಸಂಕೇತ ಆಕಾಶಕ್ಕೆ ಹೋಗಿ ಇಳಿಯುವುದರೊಳಗೆ ರೆಪ್ಪೆ ಬಡಿಯುವಷ್ಟು ಹೊತ್ತು ಕಳೆದುಹೋಗಿರುತ್ತದೆ, ವೇಗದಲ್ಲಿದ್ದ ಕಾರಿಗೆ ಅಷ್ಟೇ ಸಾಕು ಕೆಡುವುದಕ್ಕೆ. ಅದಕ್ಕೆಂದು ಕಾರಿನೊಳಗೆ ಒಂದು ಯಂತ್ರ ಇಟ್ಟರು. ಅದು ಓಡಿಸುವವಳ ಕೈಯನ್ನು ದಿನವೂ ನೋಡಿ ಕಲಿಯುತ್ತದೆ. ಇಂಥ ಇಳಿಜಾರಿನಲ್ಲಿ ಇವಳು ಹೀಗೆ ತಿರುಗಿಸುತ್ತಾಳೆ ಎಂದು ಮೊದಲೇ ಊಹಿಸಿ, ಅವಳ ಕೈ ತಲುಪುವ ಮುನ್ನ ತಾನೇ ತಿರುಗಿಸಿಬಿಡುತ್ತದೆ. ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಉದ್ದವಾಗಿತ್ತು. ಗಿರಣಿಯ ಹೆಂಗಸರು ಅದನ್ನು ಕೈಗುಣ ಎಂದರು, ಕೊನೆಗೆ ಎಂಜಿನಿಯರರೂ ಹಾಗೇ ಎನ್ನತೊಡಗಿದರು.

ಒಂದು ಕಾರಿಗೆ ಇಬ್ಬರು, ಕೈಗುಣ ಮಾತ್ರ ಒಂದೇ. ಮುಂಜಾನೆಯಿಂದ ಊಟದವರೆಗೆ ಒಬ್ಬಳು, ಆಮೇಲೆ ಇನ್ನೊಬ್ಬಳು. ದ್ರಾಕ್ಷಾಯಣಿ ಮತ್ತು ವಿಶಾಲಾಕ್ಷಿಯ ಕಾರು ಬ್ಯಾಡಗಿ ಮೆಣಸಿನಕಾಯಿ ಬಣ್ಣದ್ದು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಮರಳಿಗೆಂದೇ ಮಾಡಿದ ಅಗಲ ಗಾಲಿ, ತೆರೆಯುವ ಮಾಡು, ಎರಡೇ ಕುರ್ಚಿಯ ಸ್ಪೋರ್ಟ್ಸ್ ಕಾರು. ಎಡಗಡೆ ಪ್ರವಾಸಿ. ಬಲಗಡೆಯ ಕುರ್ಚಿ ಖಾಲಿ. ಖಾಲಿ ಕುರ್ಚಿಯ ಮುಂದೆ ಚಕ್ರ ತಾನಾಗಿ ತಿರುಗುತ್ತಿರುತ್ತದೆ.

ದ್ರಾಕ್ಷಾಯಣಿ ವರ್ಷಗಟ್ಟಲೆ ಆ ಖಾಲಿ ಕುರ್ಚಿಯಲ್ಲಿ ಕೂತಿದ್ದಳು, ಒಂದು ದಿನವೂ ಕೂತಿರಲಿಲ್ಲ. ಆ ಮರಳು ಮುಟ್ಟಬೇಕು, ಆ ಗಾಳಿ ಮುಖಕ್ಕೆ ಬಡಿಯಬೇಕು ಎಂಬುದೊಂದೇ ಅವಳ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಪಯಣದ ಶುರುವಿನಲ್ಲಿ ಒಂಟೆದಿಬ್ಬವೆಂಬ ಎತ್ತರದ ಮರಳಗುಡ್ಡ ಹತ್ತಬೇಕು, ಸೂರ್ಯ ಮೂಡುವುದನ್ನು ತೋರಿಸಲು. ಅದೇ ದಿಬ್ಬವನ್ನು ಸಂಜೆ ಇನ್ನೊಂದು ಕಡೆಯಿಂದ ಹತ್ತಬೇಕು, ಮುಳುಗುವುದನ್ನು ತೋರಿಸಲು. ದ್ರಾಕ್ಷಾಯಣಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಗ್ಗೆ, ದಿಬ್ಬದ ತುದಿ ಮುಟ್ಟಿದ ಕೂಡಲೆ ಪರದೆಯ ತುಂಬ ಸೂರ್ಯ ಬಂದ. ಮನೆಯಂಗಳದಲ್ಲಿ ಮಾಡಿ ಅಭ್ಯಾಸ. ಅವಳು ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿಬಿಟ್ಟಳು.

ಆಮೇಲೆ ಗಕ್ಕನೆ ಚಕ್ರ ಹಿಡಿದಳು. ಚಕ್ರದ ಮೇಲಿಂದ ಎರಡೂ ಕೈ ತೆಗೆದವಳಿಗೆ ಮತ್ತೆ ಆ ಕುರ್ಚಿ ಇಲ್ಲ, ಅದು ಅಲ್ಲಿಯ ಮೊದಲ ನಿಯಮ. ಆದರೆ ಏನೂ ಆಗಲಿಲ್ಲ. ಅಷ್ಟು ಸಣ್ಣ ಬಿಡುವನ್ನು ಯಂತ್ರ ಸಂಕೇತ ಕಡಿದದ್ದೆಂದು ತಿಳಿದು, ಕೈಗುಣದ ಮೇಲೆ ಕಾರನ್ನು ದಾಟಿಸಿತ್ತು. ದಿಬ್ಬದ ತುದಿಯಲ್ಲಿ ಉಳಿದವರೆಲ್ಲ ಹೆದರಿ ಚಕ್ರವನ್ನು ಬಿಗಿ ಹಿಡಿಯುತ್ತಾರೆ, ಕಾರು ಕುಕ್ಕರಿಸುತ್ತದೆ. ಇವಳ ಕಾರು ಕುಕ್ಕರಿಸಲಿಲ್ಲ. ಹಕ್ಕಿ ಹಾರುವುದಕ್ಕೆ ಮೊದಲು ಒಂದು ಗಳಿಗೆ ಹಗುರಾಗುವ ಹಾಗೆ ಹಗುರಾಗಿ, ತೇಲಿ ದಾಟಿತು. ಮರುದಿನವೂ ಅವಳ ಕೈ ತಾನಾಗಿ ಎದ್ದಿತು. ಅದರ ಮರುದಿನವೂ. ಕಾರು ಅದನ್ನು ಕಲಿತುಬಿಟ್ಟಿತು.

ಸಂಜೆಯ ಪಾಳಿಯಲ್ಲೂ ಕಾರು ತೇಲತೊಡಗಿತು. ಬೆಳಗಿನ ಹೊತ್ತು ಪ್ರವಾಸಿಗರಿಗೆ ಅರೆನಿದ್ದೆ. ಸಂಜೆ ಇಳಿದು ಹೋಗುವಾಗ ಮನಸ್ಸಿನಲ್ಲಿ ಉಳಿಯುವುದು ಕಡೆಯದೇ ತಾನೆ? 'ಆ ದಿಬ್ಬದ ಮೇಲೆ ಕಾರು ತೇಲಿದ್ದನ್ನು ಜನ್ಮದಲ್ಲಿ ಮರೆಯುವುದಿಲ್ಲ' ಎಂದು ಅವರು ಬರೆದು ಹೋಗುತ್ತಿದ್ದರು. ಕೆಳಗೆ ಸಂಜೆಯ ಚಾಲಕಿಯ ಹೆಸರು. ವಿಶಾಲಾಕ್ಷಿ.

ಆ ಬರಹಗಳನ್ನು ನೋಡಿ ಕಂಪನಿ ಅವಳನ್ನು ಆರಿಸಿದ ಸುದ್ದಿ ಬಂದ ದಿನ ವಿಶಾಲಾಕ್ಷಿ ಕುರ್ಚಿಗಳ ಸಾಲಿನ ನಡುವೆ ಓಡಿ ಬಂದು ಇವಳ ಕೊರಳಿಗೆ ಬಿದ್ದಳು.

"ಅಕ್ಕಾರ, ನನ್ನ ಆರಿಸ್ಯಾರ್ರಿ! ನಮ್ಮ ಕಾರಿನ್ಯಾಗ, ಅಲ್ಲೇ, ಖರೇನ ಕೂತು, ಒಂದು ದಿನ ಪೂರ್ತಿ! ಆಮ್ಯಾಲ ಒಂದು ವರ್ಷ ಅಲ್ಲೇ ಇದ್ದು ಎಲ್ಲಾ ಕಾರಿಗೂ ನಮ್ಮ ಕೈಗುಣ ಕಲಿಸೂ ಕೆಲಸ!"

"ಛಲೋ ಆತಲ್ಲ," ಎಂದಳು ದ್ರಾಕ್ಷಾಯಣಿ. ಬಾಯಿ ನಕ್ಕಿತು. ಒಳಗೆ ಏನೋ ಸುಟ್ಟ ವಾಸನೆ.

ಮೇಲ್ವಿಚಾರಕ ಹೊಂಬಳ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಹೇಳಿದರು, "ದ್ರಾಕ್ಷಾಯಣಿಬಾಯಿ, ನೀವೊಂದು ಪತ್ರ ಬರದು ಕೊಡಬೇಕು ನೋಡ್ರಿ. ಈ ಕಾರಿನ ಕೈಗುಣ ವಿಶಾಲಾಕ್ಷೀದು, ನಂದೇನೂ ತಕರಾರಿಲ್ಲ ಅಂತ. ಕೈಗುಣದ ವಿಷಯ ಅಂದ್ರ ಕೈಯಿಂದನ ಬರೀಬೇಕಂತ ಕಾಯ್ದೆ. ಟಪಾಲಿಗೆ ಹಾಕಿಬಿಡ್ರಿ, ಸೀದಾ ಜೋಧಪುರದ ಆಫೀಸಿಗೆ."

"ಪತ್ರ ಹೋಗದಿದ್ರ?"

"ಹೋಗದಿದ್ರ ಅಕಿ ಒಂದು ದಿನ ತಿರುಗಾಡಿ ವಾಪಸ್ ಬರ್ತಾಳ. ವರ್ಷದ ಕೆಲಸ ಬ್ಯಾರೆ ಯಾರಿಗೋ ಹೋಗ್ತೈತಿ. ಯಾಕ, ಬರಿಯಂಗಿಲ್ಲೇನು?"

"ಬರೀತೇನಿ ಬಿಡ್ರಿ."

ಆ ತೇಲುವಿಕೆ ನನ್ನದು ಎಂದು ಹೇಳಬೇಕೆಂದರೆ ಕೈ ಬಿಟ್ಟದ್ದನ್ನು ಹೇಳಬೇಕು. ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಹೆಸರು ಹೋಗುತ್ತದೆ. ದ್ರಾಕ್ಷಾಯಣಿ ಅದನ್ನು ಹೇಳಲೂ ಇಲ್ಲ, ಪತ್ರ ಬರೆದುಕೊಡಲೂ ಇಲ್ಲ. ಹಾಳೆಯನ್ನು ಕರಡಿಗೆಯ ಕೆಳಗಿಟ್ಟಳು. ಅಣ್ಣ ಅತ್ತಿಗೆಯ ಮನೆಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕ ಮಲಗುವ ವಿಶಾಲಾಕ್ಷಿಗೆ ಆ ಒಂದು ವರ್ಷ ಎಂದರೇನು ಎಂಬುದು ದ್ರಾಕ್ಷಾಯಣಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಚೆನ್ನಾಗಿ ಗೊತ್ತಿತ್ತು.

ರೊಟ್ಟಿ ಬಡಿದ ಆ ದಿನ ಹೊತ್ತು ಏರುವ ಮೊದಲೇ ವಿಶಾಲಾಕ್ಷಿ ಬುತ್ತಿಗೆ ಬಂದಳು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ.

"ಯವ್ವಾ, ಕಣ್ಣಿನ ಆಪರೇಶನ್ ಮಾಡಿಸ್ಕೊಂಡ್ಯಾ?" ಎಂದಳು ಸಂಗವ್ವ.

"ಅಲ್ಲೆ ಬಿಸಿಲು ಭಾಳಂತ ಅಜ್ಜಿ." ವಿಶಾಲಾಕ್ಷಿ ನಕ್ಕು ಕನ್ನಡಕ ತೆಗೆದು ದ್ರಾಕ್ಷಾಯಣಿಯ ಕಣ್ಣಿಗೆ ಹಾಕಹೋದಳು. "ಅಕ್ಕಾರ, ನೀವು ಹಾಕ್ಕೊಂಡು ನೋಡ್ರಿ, ಹೀರೋಯಿನ್ ಕಂಡಂಗ ಕಾಣ್ತೀರಿ."

"ಒಲ್ಲೆ ತೆಗಿ. ನಾ ಎಲ್ಲಿ ಹೊಂಟೀನಿ, ಕಪ್ಪು ಕನ್ನಡಕ ಹಾಕ್ಕೊಳ್ಳಾಕ?"

ಮಾತು ಬಿರುಸಾಗಿ ಬಿತ್ತು. ವಿಶಾಲಾಕ್ಷಿ ಕನ್ನಡಕ ಮಡಚಿ ಕೈಯಲ್ಲಿಟ್ಟುಕೊಂಡಳು. ಜಗಲಿಯ ಕಡೆ ಒಮ್ಮೆ ನೋಡಿದಳು, ಬಿಳಿ ಹಾಳೆ ಕಂಡಿರಬೇಕು. ಪತ್ರದ ಮಾತೆತ್ತಲಿಲ್ಲ. ಬುತ್ತಿ ಎದೆಗವಚಿಕೊಂಡು, ಸಂಗವ್ವನ ಕಾಲು ಮುಟ್ಟಿ, ಹೋಗಿಬಿಟ್ಟಳು.

ಆ ಪಯಣದ ದಿನ ಎರಡೂ ಪಾಳಿ ದ್ರಾಕ್ಷಾಯಣಿಯದೇ. ಜೊತೆಗಾತಿ ಪ್ರವಾಸಿಯಾಗಿ ಕೂತ ಮೇಲೆ ಇನ್ಯಾರು ಓಡಿಸಬೇಕು?

ಕುರ್ಚಿಯಲ್ಲಿ ಕೂತು ಪರದೆ ಬೆಳಗಿದ ಕೂಡಲೆ ಮೂಲೆಯ ಸಣ್ಣ ಚೌಕದಲ್ಲಿ ವಿಶಾಲಾಕ್ಷಿ ಕಂಡಳು. ತಲೆಗೆ ಸೆರಗು, ಕಣ್ಣಿಗೆ ಅದೇ ಕನ್ನಡಕ, ತೊಡೆಯ ಮೇಲೆ ಬುತ್ತಿ.

"ಅಕ್ಕಾರ, ಶರಣ್ರಿ! ನಾ ಇಲ್ಲಿ, ನೀವು ಅಲ್ಲಿ. ಎಂಥಾ ಚಂದ ನೋಡ್ರಿ."

"ಪಟ್ಟಾ ಕಟ್ಕೋ," ಎಂದಳು ದ್ರಾಕ್ಷಾಯಣಿ.

ಅಂದು ಬೆಳಗ್ಗೆ ಮೋಡವಿತ್ತು. ಅದನ್ನೇ ನೆವ ಮಾಡಿಕೊಂಡು ಒಂಟೆದಿಬ್ಬವನ್ನು ಬಳಸಿ ಹೋದಳು. ಮುಂದೆ ದಾರಿ ಕವಲಾಗುವಲ್ಲಿ ಎಡಕ್ಕೆ ಹೊರಳಿದರೆ ಒಂದು ಕೆರೆ. ಚಳಿಗಾಲದಲ್ಲಿ ದೂರ ದೇಶದ ಬೂದುಬಣ್ಣದ ಕೊಕ್ಕರೆಗಳು ಬಂದಿಳಿಯುವ ಕೆರೆ. ಯಾವ ಪ್ರವಾಸಿಗೂ ಅವಳು ಅದನ್ನು ತಪ್ಪಿಸಿದವಳಲ್ಲ. ಇವತ್ತು ಚಕ್ರವನ್ನು ಬಲಕ್ಕೆ ತಿರುಗಿಸಿದಳು.

"ಅಕ್ಕಾರ, ಕೆರಿ ಕಡೆ ಹೋಗಂಗಿಲ್ಲೇನ್ರಿ?"

"ಅಲ್ಲೆ ಉಸುಕು ಛಲೋ ಇಲ್ಲ ಇವತ್ತು."

ವಿಶಾಲಾಕ್ಷಿಗೂ ಆ ಉಸುಕು ಗೊತ್ತಿತ್ತು, ನಿನ್ನೆ ಮೊನ್ನೆಯವರೆಗೆ ಅವಳೂ ಅದರ ಮೇಲೇ ಓಡಿಸಿದವಳು. ಆದರೂ "ಹೌದೇನ್ರಿ" ಎಂದಷ್ಟೇ ಹೇಳಿ, ಕತ್ತು ತಿರುಗಿಸಿ ಕೆರೆಯ ದಿಕ್ಕನ್ನು ಕಣ್ಮರೆಯಾಗುವವರೆಗೆ ನೋಡಿದಳು.

ಮಾಡು ತೆರೆದಿತ್ತು. ಗಾಳಿಗೆ ಅವಳ ಸೆರಗು ಬಿಚ್ಚಿಹೋಗಿ ಕೂದಲು ಹಾರುತ್ತಿತ್ತು. ಗದಗಿನ ಹಜಾರದಲ್ಲಿ ಫ್ಯಾನು ತಿರುಗುತ್ತಿತ್ತು, ದ್ರಾಕ್ಷಾಯಣಿಯ ಒಂದು ಕೂದಲೂ ಅಲುಗುತ್ತಿರಲಿಲ್ಲ. ಆ ಹುಡುಗಿ ಕೈ ಹೊರಗೆ ಚಾಚಿ ಗಾಳಿಯನ್ನು ಹಿಡಿಯುವುದು, ತುಟಿ ನೆಕ್ಕಿ ಧೂಳಿನ ರುಚಿ ನೋಡುವುದು, ಸುಮ್ಮಸುಮ್ಮನೆ ನಗುವುದು ಎಲ್ಲ ಆ ಚೌಕದಲ್ಲಿ ಕಾಣುತ್ತಿತ್ತು. ಆ ಚೌಕವನ್ನು ಮುಚ್ಚುವ ಗುಂಡಿ ಇತ್ತು. ಅವಳು ಒತ್ತಲಿಲ್ಲ. ಹುಣ್ಣನ್ನು ಮುಟ್ಟಿ ಮುಟ್ಟಿ ನೋಡುವ ಹಾಗೆ ನೋಡುತ್ತಲೇ ಇದ್ದಳು.

ಊಟಕ್ಕೆ ಒಂದು ಬನ್ನಿ ಮರದಡಿ ಕಾರು ನಿಂತಿತು. ವಿಶಾಲಾಕ್ಷಿ ಬುತ್ತಿ ಬಿಚ್ಚಿದಳು. ಒಂದು ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು, ಮಡಚಿ, ಬಲಗಡೆಯ ಖಾಲಿ ಕುರ್ಚಿಯ ಮೇಲೆ ಇಟ್ಟಳು.

"ಇದು ನಿಮ್ಮ ಪಾಲ್ರಿ ಅಕ್ಕಾರ."

ಅಷ್ಟು ಸಣ್ಣ ಭಾರ ಕುರ್ಚಿಗೆ ತಿಳಿಯಬಾರದು. ತಿಳಿಯಿತು. ಗದಗಿನಲ್ಲಿ ದ್ರಾಕ್ಷಾಯಣಿಯ ತೊಡೆಯ ಕೆಳಗೆ ಏನೋ ಸಣ್ಣಗೆ ಒತ್ತಿದ ಹಾಗಾಯಿತು. ಅವಳು ಒಮ್ಮೆ ಕೂತಲ್ಲೇ ಸರಿದು ಕೂತಳು.

ವಿಶಾಲಾಕ್ಷಿ ಚಟ್ನಿ ಬಾಯಿಗಿಟ್ಟುಕೊಂಡವಳೇ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಗಟಗಟ ನೀರು ಕುಡಿದಳು.

"ಖಾರ ಆತೇನು?"

"ಇಲ್ರಿ, ಉಸುಕು ಕಣ್ಣಾಗ ಬಿತ್ತು." ಕಣ್ಣಿಗೆ ಕನ್ನಡಕ ಇದ್ದೇ ಇತ್ತು. ಚಟ್ನಿಯನ್ನು ಪೂರ್ತಿ ತಿಂದಳು.

ಬಿಸಿಲು ಇಳಿಯುವ ಹೊತ್ತಿಗೆ ಮೋಡ ಹರಿಯಿತು. ಒಂಟೆದಿಬ್ಬ ಎದುರಿಗೆ ಬಂತು. ಇದನ್ನು ತಪ್ಪಿಸುವಂತಿರಲಿಲ್ಲ, ಹೊಂಬಳ ಎಲ್ಲಕ್ಕೂ ಮೇಲಿನ ಪರದೆಯಲ್ಲಿ ನೋಡುತ್ತಿರುತ್ತಾರೆ. ದ್ರಾಕ್ಷಾಯಣಿ ಹಲ್ಲು ಕಚ್ಚಿ ಚಕ್ರವನ್ನು ಬಿಗಿಯಾಗಿ ಹಿಡಿದಳು. ಇವತ್ತು ಕೈ ಬಿಡುವುದಿಲ್ಲ. ತೇಲುವುದು ಹೇಗೆಂದು ಈ ಹುಡುಗಿಗೆ ಗೊತ್ತಾಗುವುದೇ ಬೇಡ. ಉಳಿದ ಕಾರುಗಳ ಹಾಗೆ ಕುಕ್ಕರಿಸಿ ದಾಟಲಿ. ಸೊಂಟಕ್ಕೆ ಒಂದು ಪೆಟ್ಟು ಬೀಳಲಿ, ಹೆಸರು ಬಂದದ್ದು ಯಾತಕ್ಕೆಂದು ತಾನೇ ಯೋಚಿಸಲಿ.

ಕಾರು ಏರಿತು. ತುದಿ ಬಂತು. ಕೆಂಪು ಸೂರ್ಯ ಪರದೆಯ ತುಂಬ ನಿಂತ. ದ್ರಾಕ್ಷಾಯಣಿ ಚಕ್ರ ಬಿಡಲಿಲ್ಲ.

ಕಾರು ತೇಲಿತು.

ಅವಳ ಬಿಗಿ ಹಿಡಿತ ಆಕಾಶ ಸುತ್ತಿ ಅಲ್ಲಿಗೆ ತಲುಪುವ ಮೊದಲೇ ಕಾರು ತನಗೆ ಗೊತ್ತಿದ್ದ ದ್ರಾಕ್ಷಾಯಣಿಯನ್ನು ನಂಬಿ ನಡೆದುಕೊಂಡಿತ್ತು. ಖಾಲಿ ಕುರ್ಚಿಯ ಮುಂದಿನ ಚಕ್ರ ಕೈ ಮುಗಿದ ಹಾಗೆ ಹಗುರಾಗಿತ್ತು. ಎಡಗಡೆ ವಿಶಾಲಾಕ್ಷಿ ಕನ್ನಡಕ ತೆಗೆದಿದ್ದಳು, ಅವಳ ಎರಡೂ ಕೈ ತಮಗೆ ತಾವೇ ಎದ್ದು ಜೋಡಿಯಾಗಿದ್ದವು.

ಮುಂದಿನದು ಇಳಿಜಾರು. ಅಲ್ಲಿ ಕಾರು ಮುಗ್ಗರಿಸಬೇಕು, ಪ್ರವಾಸಿಗರ ಕರುಳು ಬಾಯಿಗೆ ಬರಬೇಕು. ಬರಲಿಲ್ಲ. ಯಾರೋ ಮಗುವನ್ನು ಕಂಕುಳಿಂದ ಇಳಿಸುವ ಹಾಗೆ ಕಾರು ಮೆಲ್ಲಗೆ, ಬಿಟ್ಟು ಬಿಟ್ಟು ಬ್ರೇಕು ಹಾಕುತ್ತ ಇಳಿಯಿತು. ದ್ರಾಕ್ಷಾಯಣಿ ತನ್ನ ಕಾಲು ನೋಡಿಕೊಂಡಳು. ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಅವಳು ಎಂದೂ ಹಾಗೆ ಬ್ರೇಕು ಹಾಕಿದವಳಲ್ಲ, ಒಮ್ಮೆಲೇ ತುಳಿಯುವ ಕಾಲು ಅವಳದು.

ಬೆಳಗಿನ ಪಾಳಿಯ ಪ್ರವಾಸಿಗರು ಅವಳ ಬಗ್ಗೆಯೂ ಆಗಾಗ ಬರೆಯುತ್ತಿದ್ದರು. 'ಇಳಿಜಾರಿನಲ್ಲಿ ಭಯವೇ ಆಗಲಿಲ್ಲ, ತಾಯಿಯ ಕೈಯಲ್ಲಿದ್ದ ಹಾಗಿತ್ತು' ಎಂದು. ಅವಳು ಅದನ್ನು ಓದಿ ಹಿಗ್ಗಿದ್ದಳು. ಸಂಗವ್ವನಿಗೂ ಓದಿ ಹೇಳಿದ್ದಳು. ಆ ಕಾಲು ತನ್ನದಲ್ಲವೆಂದು ಇಷ್ಟು ವರ್ಷ ಒಮ್ಮೆಯೂ ಅನ್ನಿಸಿರಲಿಲ್ಲ.

"ಅಕ್ಕಾರ," ಎಂದಳು ವಿಶಾಲಾಕ್ಷಿ. "ದಿಬ್ಬದ ಮ್ಯಾಲ ತೇಲೂದು ನಂದಲ್ಲರಿ. ನಂಗ ಮೊದಲಿಂದ ಅನುಮಾನ ಇತ್ತು. ನನ್ನ ಪಾಳಿಯಾಗ ಅದು ತಾನ ಬರ್ತಿತ್ತು, ನಾ ಬಿಗಿ ಹಿಡೀಲಿಲ್ಲ ಅಷ್ಟ. ಯಾರೋ ದೇವರ ಮುಂದ ಕೈ ಮುಗದಂಗ ಅನಸ್ತಿತ್ತು. ಬೆಳಗಿನ ಪಾಳಿ ನಿಮ್ಮದು. ಇವತ್ತು ನಾ ಹೊಂಬಳ ಸರ್ ಮುಂದ..."

"ಸುಮ್ನ ಕೂಡ್ರು." ದ್ರಾಕ್ಷಾಯಣಿ ಗಕ್ಕನೆ ಹೇಳಿದಳು. ಮಾತೆಲ್ಲ ದಾಖಲಾಗುತ್ತದೆ. ಇವಳು ಬಾಯಿ ಬಿಟ್ಟರೆ ನನ್ನ ಕುರ್ಚಿಯೂ ಹೋಯಿತು, ಇವಳ ವರ್ಷವೂ ಹೋಯಿತು. "ಇನ್ನೂ ಇಳಿಜಾರು ಐತಿ. ಇಳಿಜಾರಿನ್ಯಾಗ ಮಾತಾಡಬಾರದು."

ಇಳಿಜಾರು ಮುಗಿಯಿತು. ಹೊಂಬಳರ ಪರದೆಯ ಕಡೆ ನೋಡದೆ, ಯಾರನ್ನೂ ಕೇಳದೆ, ದ್ರಾಕ್ಷಾಯಣಿ ಕಾರನ್ನು ಕೆರೆಯ ಕಡೆ ತಿರುಗಿಸಿದಳು.

ಬೆಳಕು ಇನ್ನೂ ಉಳಿದಿತ್ತು. ಕೊಕ್ಕರೆಗಳು ನೀರಿನಂಚಿಗೆ ಸಾಲಾಗಿ ಇಳಿಯುತ್ತಿದ್ದವು. ವಿಶಾಲಾಕ್ಷಿ ಇಳಿದು ಹೋಗಿ, ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿಯಿಂದ ಸುರಿದಳು. ಪರದೆಯಲ್ಲಿ ಅದು ಚಪ್ಪಟೆಯಾಗಿ ಕಂಡಿತು, ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಚಿತ್ರದ ಹಾಗೆ. ದ್ರಾಕ್ಷಾಯಣಿಯ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಎದ್ದಿತು. ಮುಂಜಾನೆಯಿಂದ ಇದ್ದದ್ದಕ್ಕಿಂತ ಜೋರಾಗಿಯೇ ಎದ್ದಿತು.

"ವಿಶಾಲಿ," ಎಂದಳು. ಆ ಹೆಸರಿನಿಂದ ಕರೆದು ತಿಂಗಳಾಗಿತ್ತು. "ಅದರ ವಾಸನಿ ಹ್ಯಾಂಗೈತಿ?"

ವಿಶಾಲಾಕ್ಷಿ ಮರಳನ್ನು ಮೂಗಿನ ಹತ್ತಿರ ಒಯ್ದಳು. ಕಣ್ಣು ಮುಚ್ಚಿ ಯೋಚಿಸಿದಳು. ಸುಳ್ಳು ಹೇಳಬಾರದೆಂಬ ಹಾಗೆ, ಸಾವಕಾಶ.

"ರೊಟ್ಟಿ ಹಾಕೂ ಮುಂಚೆ ಖಾಲಿ ಹಂಚು ಕಾಯ್ತೈತಲ್ರಿ ಅಕ್ಕಾರ? ಹಂಗ. ಥೇಟ್ ನಿಮ್ಮ ಅಡಗಿಮನಿ ವಾಸನಿ."

ದ್ರಾಕ್ಷಾಯಣಿ ಮೈಕಿನ ಗುಂಡಿ ಒತ್ತಿ ಮುಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಪಾಳಿ ಮುಗಿಸಿ ಬಂದು ಅಡಿಗೆಮನೆಯ ನೆಲದ ಮೇಲೆ, ಆ ರೊಟ್ಟಿ ಹಲಗೆಯನ್ನೇ ತೊಡೆಯ ಮೇಲಿಟ್ಟುಕೊಂಡು ಬರೆಯಲು ಕೂತಳು. ಬರವಣಿಗೆ ದಪ್ಪ ಅಕ್ಷರದ್ದು, ಒಂದೊಂದು ಸಾಲಿಗೂ ಹೊತ್ತು ಬೇಕು.

"ಏನಂತ ಬರ್ಯಾಕತ್ತಿ? ಓದಿ ಹೇಳು," ಎಂದಳು ಸಂಗವ್ವ.

ದ್ರಾಕ್ಷಾಯಣಿ ಓದಿದಳು:

"ಸಾಹೇಬರಿಗೆ ಶರಣು. ನಮ್ಮ ಕಾರಿನ ಕೈಗುಣ ಒಬ್ಬರದಲ್ಲ. ದಿಬ್ಬದ ತುದಿಯಲ್ಲಿ ಕಾರು ತೇಲುವುದು ನನ್ನಿಂದ. ನಾನು ಸೂರ್ಯನಿಗೆ ಕೈ ಮುಗಿಯಲು ಚಕ್ರ ಬಿಡುತ್ತಿದ್ದೆ, ಇದು ನಿಯಮಕ್ಕೆ ವಿರುದ್ಧ, ಗೊತ್ತಿದ್ದೂ ಮಾಡಿದೆ. ಅದಕ್ಕೆ ಏನು ಶಿಕ್ಷೆ ಇದೆಯೋ ನನಗೆ ಕೊಡಿ. ಇಳಿಜಾರಿನಲ್ಲಿ ಕಾರು ಮೆಲ್ಲಗೆ ಇಳಿಯುವುದು ವಿಶಾಲಾಕ್ಷಿಯಿಂದ. ಏರುವುದು ನನ್ನ ಕೈಯದು, ಜೀವಂತ ಇಳಿಸುವುದು ಅವಳ ಕಾಲಿನದು. ಕಲಿಸುವ ಕೆಲಸಕ್ಕೆ ಅವಳನ್ನು ಇಟ್ಟುಕೊಳ್ಳಿ, ನನ್ನ ತಕರಾರು ಇಲ್ಲ. ಹೆಸರು ಮಾತ್ರ ಇಬ್ಬರದೂ ಇರಲಿ."

ಸಂಗವ್ವ ಹತ್ತಿರ ಸರಿದು ಕೂತಳು.

"ಕೆಲಸ ಹೋದ್ರ?"

"ಹೋದ್ರ ಹೋಗ್ಲಿ. ರೊಟ್ಟಿ ಬಡೀಲಿಕ್ಕ ಯಾರ ಅಪ್ಪಣಿ ಬೇಕು?"

"ಹೊಟ್ಯಾಗಿನ ಕಿಚ್ಚು ಆರಿತೇನು ಹಂಗಾರ?"

"ಇಲ್ರಿ ಅತ್ತಿ," ಎಂದಳು ದ್ರಾಕ್ಷಾಯಣಿ. "ಅಕಿ ಮೂಗಿಗೆ ಆ ಉಸುಕು ಸಿಕ್ಕೈತಿ, ನನಗ ಸಿಕ್ಕಿಲ್ಲ. ಹ್ಯಾಂಗ ಆರಬೇಕು?"

ಕೆಳಗೆ ಸಹಿ ಹಾಕಿದಳು. ಹಾಳೆ ಮಡಚುವ ಮೊದಲು ಯೋಚಿಸಿ, ಸಹಿಯ ಕೆಳಗೆ ಒಂದು ಸಾಲು ಸೇರಿಸಿದಳು: 'ಶಿಕ್ಷೆ ಆದ ಮೇಲೆ ಏನಾದರೂ ಉಳಿದರೆ, ಒಂದು ದಿನ ಎಡಗಡೆಯ ಕುರ್ಚಿ ನನಗೆ ಕೊಡಿ. ವಿಶಾಲಾಕ್ಷಿ ಓಡಿಸಲಿ.' ಅದನ್ನು ಅತ್ತೆಗೆ ಓದಿ ಹೇಳಲಿಲ್ಲ.

ಟಪಾಲ ಡಬ್ಬಿ ಗಿರಣಿಯ ಕಾಂಪೌಂಡಿಗೆ ತಾಗಿಕೊಂಡೇ ಇತ್ತು. ದ್ರಾಕ್ಷಾಯಣಿ ಲಕೋಟೆಯನ್ನು ಅದರ ಬಾಯಿಗೆ ಅರ್ಧ ತೂರಿಸಿ, ಎರಡೂ ಕೈಯಿಂದ ಹಿಡಿದು ನಿಂತಳು. ಹಿಂದೆ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದ. ಗುಡ್ಡದ ಗಾಳಿಯಂತ್ರಗಳ ಆಚೆ ಸೂರ್ಯ ಮುಳುಗುತ್ತಿದ್ದ. ಅವಳು ಅತ್ತ ನೋಡಿದಳು, ಎರಡೂ ಕೈ ಬಿಟ್ಟಳು.